ಪುಲಿ ಎಂದರೆ ಹುಲಿಯಲ್ಲ

ಉಪ್ಪ ಹನುಮಂತನಪಟ್ಟಿಯಲ್ಲಿ ದಿನಸಿ ಅಂಗಡಿ ಇಟ್ಟು ಮೂವತ್ತು ವರ್ಷ ದಾಟಿತು. ಊರವರ ಲೆಕ್ಕದಲ್ಲಿ ಅಷ್ಟೂ ವರ್ಷ ಅವರು ಹುಲಿ ಮಾರಿದ್ದಾರೆ. ತಮಿಳಿನಲ್ಲಿ ಹುಣಸೆ ಎಂದರೆ ಪುಳಿ, ಪುಲಿ ಎಂದರೆ ಹುಲಿ. ನಮ್ಮ ಬ್ಯಾರಿಯಲ್ಲಿ ಳ ಮತ್ತು ಣ ಉಳಿದಿಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಮಲಯಾಳದ ಪುಳಿ ನಮಗೆ ಪುಲಿ, ಕಣ್ಣ್ ನಮಗೆ ಕನ್ನ್, ವೆಳ್ಳಿ ನಮಗೆ ಬೆಲ್ಲಿ. ಉಪ್ಪ ತಮಿಳನ್ನೂ ಅದೇ ನಾಲಿಗೆಯಲ್ಲಿ ಕಲಿತರು. "ಬಾಯ್, ಕಾಲು ಕಿಲೋ ಪುಲಿ ಕೊಡಿ, ಕಚ್ಚದಿರುವುದು ನೋಡಿ ಕೊಡಿ" ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಉಪ್ಪ ನಗುತ್ತಾ ತೂಗಿ ಕೊಡುತ್ತಿದ್ದರು.

ಹನುಮಂತನಪಟ್ಟಿ ಇರುವುದು ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ, ಉತ್ತಮಪಾಳ್ಯಂ ಹತ್ತಿರ. ದ್ರಾಕ್ಷಿ, ಬಾಳೆ, ಭತ್ತ ಬೆಳೆಯುವ ಕಂಬಂ ಕಣಿವೆ. ಉಪ್ಪ ಬಂಟ್ವಾಳ ಕಡೆಯಿಂದ ಏಲಕ್ಕಿ ವ್ಯಾಪಾರಿಯೊಬ್ಬರ ಜೊತೆ ಬೋಡಿನಾಯಕನೂರಿಗೆ ಬಂದವರು, ಆಮೇಲೆ ಇಲ್ಲಿ ಸ್ವಂತ ಅಂಗಡಿ ಹಾಕಿದರು. ನಾನು ಮಂಗಳೂರಿನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಇಲ್ಲೇ ಗಾಳಿಯಂತ್ರಗಳ ರಿಪೇರಿ ಕೆಲಸಕ್ಕೆ ಸೇರಿದೆ. ಉಮ್ಮನೂ ಬಂದರು. ಹೀಗೆ ನಾವು ಇಲ್ಲಿಯವರಾದೆವು.

ಎರಡು ವರ್ಷದ ಹಿಂದಿನ ಮಾತು. ಆಗಸ್ಟ್ ತಿಂಗಳು, ಜೋರು ಗಾಳಿಯ ಕಾಲ, ನಮಗೆ ರಜೆ ಇಲ್ಲದ ಕಾಲ. ಒಂದು ಮಂಗಳವಾರ ಸಂಜೆ ಸಕ್ಕರೆ ತೂಗುವಾಗ ಉಪ್ಪನ ಬಲಗೈಯಿಂದ ಸೌಟು ಜಾರಿ ಬಿತ್ತು. ಏನೋ ಹೇಳಲು ಹೋದರು, ಮಾತು ಕಲಸಿಹೋಯಿತು. ಸ್ಟೂಲಿನ ಮೇಲೆ ಕೂರಿಸಿ ಸೋಡಾ ಕೊಟ್ಟೆವು. ಹತ್ತು ನಿಮಿಷದಲ್ಲಿ ಎಲ್ಲ ಸರಿಯಾಯಿತು. ಬಿದ್ದ ಸಕ್ಕರೆಯನ್ನು ಅವರೇ ಗುಡಿಸಿದರು. ಹತ್ತಿರದ ಒಂದು ಕ್ಲಿನಿಕ್‌ನಲ್ಲಿ ಗ್ಯಾಸ್ ಇರಬೇಕು ಎಂದು ಮಾತ್ರೆ ಕೊಟ್ಟರು. ನನಗೂ ಹಾಗೇ ಅನಿಸಿತು. ಮಾರನೇ ದಿನ ಡ್ಯೂಟಿಗೆ ಹೋದೆ.

ಇಲ್ಲಿ ನನ್ನ ತಪ್ಪನ್ನು ಬರೆಯಬೇಕು. ಗಾಳಿಯಂತ್ರ ಕೆಲವೊಮ್ಮೆ ತಾನಾಗಿಯೇ ಟ್ರಿಪ್ ಆಗಿ ನಿಲ್ಲುತ್ತದೆ. ಐದು ಹತ್ತು ನಿಮಿಷದಲ್ಲಿ ತಾನಾಗಿಯೇ ರಿಸೆಟ್ ಆಗಿ ತಿರುಗತೊಡಗುತ್ತದೆ. ಹೊಸ ಹುಡುಗರು "ಸರಿಯಾಯಿತು ಸಾರ್" ಎನ್ನುತ್ತಾರೆ. ನಾನು ಬೈಯುತ್ತೇನೆ. ತಾನಾಗಿ ಹೋದ ದೋಷ ಹೋದ ದೋಷವಲ್ಲ, ಮೊದಲು ಲಾಗ್ ಪುಸ್ತಕದಲ್ಲಿ ಬರಿ, ಆಮೇಲೆ ಕಾರಣ ಹುಡುಕು ಎನ್ನುತ್ತೇನೆ. ಇದನ್ನು ವರ್ಷಗಟ್ಟಲೆ ಹೇಳಿದವನು ಉಪ್ಪ ಟ್ರಿಪ್ ಆದಾಗ ಸೋಡಾ ಕೊಟ್ಟು ಸುಮ್ಮನಾದೆ.

ಅದಕ್ಕೆ ವೈದ್ಯರು ಟಿಐಎ ಎನ್ನುತ್ತಾರೆ. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಸಿಕ್ಕಿಕೊಂಡು, ತಾನೇ ಕರಗಿ ದಾರಿ ಬಿಡುತ್ತದೆ. ಕೈ ಮಾತು ಎಲ್ಲ ಮರಳುತ್ತವೆ, ಮನೆಯವರು ಮರೆಯುತ್ತಾರೆ. ಆದರೆ ಅದರ ನಂತರದ ಕೆಲವು ದಿನಗಳಲ್ಲೇ, ಅದರಲ್ಲೂ ಮೊದಲ ಎರಡು ದಿನ, ದೊಡ್ಡ ಸ್ಟ್ರೋಕ್ ಬರುವ ಅಪಾಯ ಅತಿ ಹೆಚ್ಚು. ಅದೇ ದಿನ ಆಸ್ಪತ್ರೆಗೆ ಹೋದರೆ ಮಿದುಳಿನ ಸ್ಕ್ಯಾನ್, ಇಸಿಜಿ, ಕುತ್ತಿಗೆಯ ರಕ್ತನಾಳದ ಡಾಪ್ಲರ್ ಮಾಡಿ ಕಾರಣ ಹುಡುಕುತ್ತಾರೆ, ಔಷಧಿ ಶುರು ಮಾಡುತ್ತಾರೆ. ನಮಗೆ ಸಿಕ್ಕಿದ್ದು ನಾಲ್ಕು ದಿನ. ಆ ನಾಲ್ಕೂ ದಿನ ನಾನು ಟವರ್ ಹತ್ತಿಳಿಯುತ್ತಿದ್ದೆ.

ಶನಿವಾರ ಬೆಳಿಗ್ಗೆ ಎಂಟೂಕಾಲಿಗೆ ಫೋನು ಬಂತು. ಮಾಡಿದವರು ನಮ್ಮ ಬೀದಿಯ ಒಬ್ಬರು ಅಜ್ಜಿ. ಈ ಕಣಿವೆಯಲ್ಲಿ ತಲೆಮಾರುಗಳ ಹಿಂದೆ ಬಂದು ನೆಲೆಸಿದ ಒಕ್ಕಲಿಗರು, ಕಪ್ಪಿಲಿಯರು ಮನೆಯೊಳಗೆ ಈಗಲೂ ಕನ್ನಡ ಮಾತಾಡುತ್ತಾರೆ. ಓದು ಬರಹ ಎಲ್ಲ ತಮಿಳಿನಲ್ಲಿ, ಮಾತು ಮಾತ್ರ ಹಳೆಯ ಕನ್ನಡದ ಒಂದು ಬಗೆ. ಉಪ್ಪನಿಗೂ ಈ ಅಜ್ಜಿಗೂ ದಿನಾ ಕನ್ನಡದಲ್ಲೇ ವ್ಯವಹಾರ. "ತಂಬಿ, ನಿಮ್ಮಪ್ಪಂದು ಮಾತು ಸರಿಯಿಲ್ಲ, ಬೇಗ ಬಾ" ಎಂದರು.

ಆ ಹೊತ್ತಿಗೆ ಅಂಗಡಿಯ ಮುಂದೆ ಇನ್ನೂ ಮೂವರು ಗಿರಾಕಿಗಳಿದ್ದರು. ಯಾರಿಗೂ ಏನೂ ಗೊತ್ತಾಗಿರಲಿಲ್ಲ. ಅವರು ಉಪ್ಪನ ಜೊತೆ ತಮಿಳಿನಲ್ಲಿ ಮಾತಾಡುವವರು. ಬಾಯ್ ಅವರ ತಮಿಳು ಯಾವತ್ತೂ ಹಾಗೇ ಅಲ್ಲವೇ ಎಂದುಕೊಂಡರು. ಮಾತು ಕೆಟ್ಟಿದೆ ಎಂದು ಹಿಡಿದದ್ದು ಅವರ ಮಾತು ಮೊದಲು ಹೇಗಿತ್ತು ಎಂದು ಬಲ್ಲ ಒಬ್ಬರೇ.

ಅಜ್ಜಿಯೇ 108 ಕರೆಸಿ, ಉಪ್ಪನ ಜೊತೆ ಆಂಬುಲೆನ್ಸಿನಲ್ಲಿ ಕೂತು ಹೋದರು. ನಾನು ಸೈಟಿನಿಂದ ಬೈಕಿನಲ್ಲಿ ನೇರ ಆಸ್ಪತ್ರೆಗೆ ಹೋದೆ. ಡಾಕ್ಟರ ಮೊದಲ ಪ್ರಶ್ನೆ ಹೆಸರೂ ಅಲ್ಲ, ವಯಸ್ಸೂ ಅಲ್ಲ. ಇವರು ಕೊನೆಯ ಬಾರಿ ಸರಿಯಾಗಿದ್ದದ್ದನ್ನು ಯಾರು, ಎಷ್ಟು ಗಂಟೆಗೆ ನೋಡಿದ್ದಾರೆ? ನನ್ನಲ್ಲಿ ಉತ್ತರವಿರಲಿಲ್ಲ. ಅಜ್ಜಿ ಹೇಳಿದರು, ಏಳೂವರೆಗೆ ಹಾಲು ತಗೊಂಡೆ, ಆಗ ಚೆನ್ನಾಗಿ ಮಾತಾಡಿದರು, ಎಂಟರ ಬಸ್ಸು ಹೋದ ಮೇಲೆ ಬೆಲ್ಲಕ್ಕೆ ಬಂದಾಗ ಹೀಗಿತ್ತು. ಡಾಕ್ಟರು 7.30 ಎಂದು ಬರೆದುಕೊಂಡರು.

ಆ ಸಂಖ್ಯೆಯ ಮೇಲೆ ಎಲ್ಲ ನಿಂತಿತ್ತು. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಇರುವ ಸಮಯ ನಾಲ್ಕೂವರೆ ಗಂಟೆ. ಅದನ್ನು ಎಣಿಸುವುದು ಫೋನು ಬಂದ ಹೊತ್ತಿನಿಂದಲ್ಲ, ಕೊನೆಯ ಬಾರಿ ಸರಿಯಿದ್ದ ಹೊತ್ತಿನಿಂದ. ದೊಡ್ಡ ನಾಳ ಕಟ್ಟಿದ್ದರೆ ತೊಡೆಯ ಅಥವಾ ಕೈಯ ನಾಳದಿಂದ ತಂತಿ ತೂರಿಸಿ ಹೆಪ್ಪನ್ನು ಎಳೆದು ತೆಗೆಯುವ ಚಿಕಿತ್ಸೆಯೂ ಇದೆ. ಆಯ್ದ ಕೆಲವರಿಗೆ ಅದನ್ನು 24 ಗಂಟೆಯವರೆಗೂ ಮಾಡುತ್ತಾರೆ. ಆದರೆ ಕಾಯಬಹುದು ಎಂದು ಅದರ ಅರ್ಥವಲ್ಲ. ದೊಡ್ಡ ಸ್ಟ್ರೋಕ್‌ನಲ್ಲಿ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ ಎಂದು 2006ರಲ್ಲಿ ಲೆಕ್ಕ ಹಾಕಿದ್ದಾರೆ.

ಆಮೇಲೆ ಸಿ.ಟಿ. ಸ್ಕ್ಯಾನ್. ಈ ಯಂತ್ರ ಕಟ್ಟಿದ ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಡಾಕ್ಟರಲ್ಲ, ಇಂಜಿನಿಯರ್. ರೈತನ ಮಗ, ಓದಿದ್ದು ನನ್ನ ಹಾಗೆ ಡಿಪ್ಲೊಮಾ, ಅವರದು ಎಲೆಕ್ಟ್ರಿಕಲ್. 1971ರಲ್ಲಿ ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮೊದಲ ರೋಗಿಯ ಮಿದುಳಿನ ಚಿತ್ರ ತೆಗೆದರು, 1979ರಲ್ಲಿ ವೈದ್ಯಕೀಯ ನೊಬೆಲ್ ಹಂಚಿಕೊಂಡರು. ಅಷ್ಟು ದೊಡ್ಡ ಯಂತ್ರ ಎಲ್ಲ ಹೇಳಿಬಿಡುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲ. ರಕ್ತಸ್ರಾವವಾಗಿದ್ದರೆ ಸಿ.ಟಿ.ಯಲ್ಲಿ ಬೆಳ್ಳಗೆ ಕೂಡಲೇ ಕಾಣುತ್ತದೆ. ನಾಳ ಕಟ್ಟಿದ್ದರೆ ಮೊದಲ ಗಂಟೆಗಳಲ್ಲಿ ಏನೂ ಕಾಣದೆಯೂ ಇರಬಹುದು. ರಕ್ತಸ್ರಾವವಿದ್ದವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರೆ ಪ್ರಾಣಕ್ಕೇ ಅಪಾಯ. ಅದಿಲ್ಲ ಎಂದು ಖಚಿತ ಮಾಡಿಕೊಳ್ಳುವುದೇ ಆ ಸ್ಕ್ಯಾನಿನ ಮುಖ್ಯ ಕೆಲಸ. ಮನೆಯಲ್ಲಿ ನಾವಾಗಿ ಆಸ್ಪಿರಿನ್ ಕೊಡಬಾರದು ಎನ್ನುವುದೂ ಇದಕ್ಕೇ. ಉಳಿದದ್ದನ್ನು ಡಾಕ್ಟರು ಕೈಕಾಲು, ಮುಖ, ಮಾತು ನೋಡಿ ತೀರ್ಮಾನಿಸಬೇಕು.

ಆ ಮಾತಿನ ಪರೀಕ್ಷೆ ನಡೆಯುವಾಗ ನಾನು ಪಕ್ಕದಲ್ಲಿದ್ದೆ. ಉಪ್ಪ "ತನ್ನಿ" ಎಂದರು. ತಮಿಳಿನಲ್ಲಿ ನೀರು ತಣ್ಣಿ. ನರ್ಸ್ ಮಾತು ತೊದಲುತ್ತಿದೆ ಎಂದರು. ನಾನು, ಅಲ್ಲ ಸಿಸ್ಟರ್, ಅದು ನಮ್ಮ ಭಾಷೆ, ನಮ್ಮಲ್ಲಿ ಣ ಇಲ್ಲ ಎಂದೆ. ಡಾಕ್ಟರು ನನ್ನ ಕಡೆ ತಿರುಗಿ, ಮನೆಯಲ್ಲಿ ಯಾವ ಭಾಷೆ ಎಂದು ಕೇಳಿದರು. ಬ್ಯಾರಿ ಎಂದೆ. ಅವರು ಕೇಳಿರಲಿಲ್ಲ. ಸರಿ, ನೀವೇ ಕೇಳಿ ಎಂದರು. ಕಣ್ಣು ತೋರಿಸಿ ಕೇಳಿದೆ. "ಕನ್ನ್" ಎಂದರು. ನನಗೆ ಉಸಿರು ಬಂತು. ಮೂಗು ತೋರಿಸಿದೆ. "ಕನ್ನ್." ಕೈಗಡಿಯಾರ ತೋರಿಸಿದೆ. "ಕನ್ನ್."

ಮೊದಲನೆಯದು ಬ್ಯಾರಿ, ಆಮೇಲಿನವು ರೋಗ. ನಮ್ಮ ಕೆಲಸದಲ್ಲೂ ಹೀಗೇ. ಬೇರಿಂಗಿನ ವೈಬ್ರೇಶನ್ ಇಷ್ಟು ಎಂದು ಒಂದು ರೀಡಿಂಗ್ ತೋರಿಸಿದರೆ ಏನೂ ತಿಳಿಯುವುದಿಲ್ಲ. ಅದು ಸರಿಯಿದ್ದಾಗ ಎಷ್ಟಿತ್ತು ಎಂಬುದೂ ಪಕ್ಕದಲ್ಲಿರಬೇಕು. ಮನುಷ್ಯ ಸರಿಯಿದ್ದಾಗ ಹೇಗಿದ್ದ ಎಂಬುದು ಯಾವ ಸ್ಕ್ಯಾನಿನಲ್ಲೂ ಸಿಗುವುದಿಲ್ಲ. ಅದು ಇರುವುದು ಮನೆಯವರ ಬಳಿ, ಇಲ್ಲವೇ ದಿನಾ ಬೆಲ್ಲಕ್ಕೆ ಬರುವ ಅಜ್ಜಿಯ ಬಳಿ.

ಹನ್ನೊಂದು ಗಂಟೆ ದಾಟುವಷ್ಟರಲ್ಲಿ ಇಂಜೆಕ್ಷನ್ ಕೊಟ್ಟರು. ಮೂರನೇ ದಿನ ಉಪ್ಪನ ಬಲಗಾಲು ನೆಲದಲ್ಲಿ ನಿಂತಿತು. ಹೃದಯದ ಬಡಿತ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಇದೆ, ಅಲ್ಲಿ ಕಟ್ಟಿದ ಹೆಪ್ಪು ಮಿದುಳಿಗೆ ಹೋಗಿದೆ ಎಂದು ಮಾನಿಟರಿನಲ್ಲಿ ಗೊತ್ತಾಯಿತು. ಮಂಗಳವಾರವೇ ಹೋಗಿದ್ದರೆ ಬಹುಶಃ ಅಂದೇ ಸಿಗುತ್ತಿತ್ತು. ಈ ಬಹುಶಃ ಎಂಬ ಮಾತನ್ನು ಹಿಡಿದುಕೊಂಡು ನಾನು ಎಷ್ಟೋ ರಾತ್ರಿ ಮಲಗಿಲ್ಲ. ಉಮ್ಮ ಮಾತ್ರ ಇದುವರೆಗೆ ಒಂದು ದಿನವೂ ನನ್ನನ್ನು ಕೇಳಿಲ್ಲ.

ನಡಿಗೆ ಬಂತು, ಮಾತು ಬರಲಿಲ್ಲ. ಇದಕ್ಕೆ ಅಫೇಸಿಯಾ ಎನ್ನುತ್ತಾರೆ. ಬುದ್ಧಿ ಹೋಗಿರುವುದಿಲ್ಲ, ಪದ ಸಿಗುವುದಿಲ್ಲ. ಹಲವು ಭಾಷೆ ಬಲ್ಲವರಲ್ಲಿ ಎಲ್ಲ ಭಾಷೆಯೂ ಒಂದೇ ವೇಗದಲ್ಲಿ ಮರಳಬೇಕೆಂದಿಲ್ಲ. ಫ್ರೆಂಚ್ ವೈದ್ಯ ಪಿತ್ರ್ 1895ರಷ್ಟು ಹಿಂದೆಯೇ ಇದನ್ನು ಬರೆದಿದ್ದಾರೆ. ಉಪ್ಪ ನೀರು ಬೇಕು ಎನ್ನಲಾರದೆ ಒದ್ದಾಡುತ್ತಿದ್ದರು, ಆದರೆ ಊಟಕ್ಕೆ ಕೂತಾಗ ಬಿಸ್ಮಿಲ್ಲಾ ತಡೆಯಿಲ್ಲದೆ ಬರುತ್ತಿತ್ತು. ಹಣ ಕೈಗೆ ಕೊಟ್ಟರೆ ಒಣ್ಣು, ರೆಂಡು, ಮೂಣು ಎಂದು ತಮಿಳಿನಲ್ಲಿ ಎಣಿಸುತ್ತಿದ್ದರು. ಬಾಯಿಪಾಠವಾದ ಮಾತು ಹೀಗೆ ಉಳಿಯುವುದುಂಟು ಎಂದು ಸ್ಪೀಚ್ ಥೆರಪಿಸ್ಟ್ ಹೇಳಿದರು. ಅವರಿಗೆ ತಮಿಳು ಮಾತ್ರ ಗೊತ್ತು. ಹಾಗಾಗಿ ಅಂಗಡಿಯ ಅರವತ್ತು ಸಾಮಾನಿನ ಹೆಸರನ್ನು ಬ್ಯಾರಿಯಲ್ಲಿ ಬರೆದು, ಪಕ್ಕದಲ್ಲಿ ತಮಿಳು ಬರೆದು ಕೊಟ್ಟೆ. ಆ ಪಟ್ಟಿಯೇ ನಮ್ಮ ಪಾಠಪುಸ್ತಕವಾಯಿತು. ಕೈಯ ವ್ಯಾಯಾಮಕ್ಕೆ ತಮಿಳುನಾಡು ಸರ್ಕಾರ 2021ರಲ್ಲಿ ಶುರು ಮಾಡಿದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆಯ ಫಿಸಿಯೋಥೆರಪಿಸ್ಟ್ ಮನೆಗೇ ಬಂದರು.

ಈಗ ಉಪ್ಪ ಬೆಳಿಗ್ಗೆ ಎರಡು ಗಂಟೆ ಅಂಗಡಿಯಲ್ಲಿ ಕೂರುತ್ತಾರೆ. ಬ್ಯಾರಿ ಮುಕ್ಕಾಲು ಪಾಲು ಬಂದಿದೆ, ತಮಿಳು ವ್ಯಾಪಾರಕ್ಕೆ ಸಾಕಾಗುವಷ್ಟು. ಕನ್ನಡ ಇನ್ನೂ ತಡವರಿಸುತ್ತದೆ. ಅಜ್ಜಿ ದಿನಾ ಬಂದು ಕನ್ನಡದಲ್ಲೇ ಮಾತಾಡಿಸುತ್ತಾರೆ, ಉತ್ತರ ಬರುವವರೆಗೆ ಹೋಗುವುದಿಲ್ಲ.

ನಮ್ಮವರು ಎಲ್ಲೆಲ್ಲೋ ಅಂಗಡಿ ಇಟ್ಟಿದ್ದಾರೆ, ನಮ್ಮ ಭಾಷೆ ಕೇಳಿಯೇ ಇಲ್ಲದ ಊರುಗಳಲ್ಲಿ. ಮುಖ ಸೊಟ್ಟಗಾಗಿ, ಕೈ ಸೋತು, ಮಾತು ತೊದಲಿ ಹತ್ತು ನಿಮಿಷದಲ್ಲಿ ಸರಿಹೋದರೂ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಗಡಿಯಾರ ನೋಡಿ ಹೊತ್ತು ಬರೆದಿಡಿ. ಜೊತೆಗೆ ನಾವು ಮನೆಯಲ್ಲಿ ಬ್ಯಾರಿ ಮಾತಾಡುತ್ತೇವೆ ಎಂದು ಡಾಕ್ಟರಿಗೆ ಹೇಳಿ. ಅವರಾಗಿ ಕೇಳುತ್ತಾರೆ ಎಂದು ಕಾಯಬೇಡಿ.

ಕಳೆದ ತಿಂಗಳು ಒಬ್ಬ ಹುಡುಗ ಬಂದು ಪುಳಿ ಕೇಳಿದ. ಉಪ್ಪ ತೂಗಿ, ಕಟ್ಟಿ, ಕೈಗೆ ಕೊಡುತ್ತಾ "ಪುಲಿ" ಎಂದರು. ಹುಡುಗ ನಕ್ಕ. ನಾನು ಒಳಗೆ ಹೋಗಿ ಉಮ್ಮನಿಗೆ ಹೇಳಿದೆ.