ನೆಲದ ಹೊಳಪಿಗಿಂತ ಮೊದಲು ಪ್ಲಗ್ ನೋಡಿ

ಗೃಹಪ್ರವೇಶಕ್ಕೆ ಹೋದವರು ಮೊದಲು ಹೊಗಳುವುದು ನೆಲವನ್ನು. ಕಲ್ಲು ಎಲ್ಲಿಂದ ತಂದಿರಿ, ಮೇಸ್ತ್ರಿ ಯಾರು ಅಂತೆಲ್ಲ ಕೇಳುತ್ತಾರೆ. ಪಾಲಿಶ್ ಮಾಡಿದ್ದು ಯಾರು ಅಂತ ಕೇಳಿದವರನ್ನು ನಾನಿನ್ನೂ ನೋಡಿಲ್ಲ. ನನ್ನ ಸೋದರಮಾವನದು ಅದೇ ಕೆಲಸ. ಡಿಗ್ರಿ ಓದುವಾಗ ರಜೆ ಬಂತೆಂದರೆ ನಾನೂ ಅವರ ಜೊತೆ ಹೋಗುತ್ತಿದ್ದೆ. ನೀರು ಹಾಕುವುದು, ಕೆಸರು ಬಳಿಯುವುದು ನನ್ನ ಪಾಲಿನ ಕೆಲಸ.

ಪಾಲಿಶ್ ಅಂದರೆ ನೆಲಕ್ಕೆ ಏನೋ ಬಳಿಯುವುದು ಅಂತ ತುಂಬ ಜನ ತಿಳಿದಿದ್ದಾರೆ. ಆದರೆ ಮೊಸಾಯಿಕ್, ಮಾರ್ಬಲ್, ಶಹಾಬಾದ್ ಕಲ್ಲಿನ ನೆಲದಲ್ಲಿ ನಡೆಯುವುದು ಬಳಿಯುವ ಕೆಲಸವಲ್ಲ, ಉಜ್ಜಿ ತೆಗೆಯುವ ಕೆಲಸ. ಮೆಷಿನ್ನಿನ ಅಡಿಯಲ್ಲಿ ಕಾರ್ಬೊರಂಡಮ್ ಕಲ್ಲುಗಳಿರುತ್ತವೆ. ಮೊದಲು 60ನೇ ನಂಬರಿನಂಥ ಒರಟು ಕಲ್ಲು, ಆಮೇಲೆ 120, ಆಮೇಲೆ 320. ನಂಬರ್ ಹೆಚ್ಚಿದಷ್ಟೂ ಕಲ್ಲು ನಯ. ಪ್ರತಿ ಕಲ್ಲೂ ಹಿಂದಿನ ಕಲ್ಲಿನ ಗೀರು ಅಳಿಸಿ, ಅದಕ್ಕಿಂತ ಸಣ್ಣ ಗೀರು ಬಿಡುತ್ತದೆ. ಗೀರು ಕಣ್ಣಿಗೆ ಕಾಣದಷ್ಟು ಸಣ್ಣದಾದಾಗ ನೆಲ ಹೊಳೆಯುತ್ತದೆ. ಬೇಗ ಮುಗಿಸಲು ನಡುವಿನ ಒಂದು ಕಲ್ಲನ್ನು ಬಿಟ್ಟರೆ ಆಗ ಗೊತ್ತಾಗುವುದಿಲ್ಲ. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಸುತ್ತು ಸುತ್ತು ಗೀರು ಎದ್ದು ಕಾಣುತ್ತದೆ.

ಮೆಷಿನ್ ನಡೆಸಲು ತೋಳಿನ ಬಲಕ್ಕಿಂತ ಹದ ಬೇಕು. ಕೊನೆಗೆ ಹೊಳಪಿಗೆ ಬಳಸುವ ಒಂದೇ ಚಕ್ರದ ಬಫಿಂಗ್ ಮೆಷಿನ್ನಿನ ಹಿಡಿಯನ್ನು ತುಸು ಎತ್ತಿದರೆ ಅದು ಒಂದು ಕಡೆ ಸರಿಯುತ್ತದೆ, ತುಸು ಇಳಿಸಿದರೆ ಇನ್ನೊಂದು ಕಡೆ. ಹೊಸಬರು ಬಲ ಹಾಕಿ ತಳ್ಳುತ್ತಾರೆ, ಮೆಷಿನ್ ಅವರನ್ನೇ ಎಳೆದುಕೊಂಡು ಹೋಗಿ ಗೋಡೆಗೆ ಗುದ್ದುತ್ತದೆ.

ಇಷ್ಟೂ ಕೆಲಸ ನಡೆಯುವುದು ನೀರಿನಲ್ಲಿ. ಕಾಲಡಿ ಕೆಸರುನೀರು, ಕೈಯಲ್ಲಿ ಕರೆಂಟಿನ ಮೆಷಿನ್. ಕಟ್ಟುತ್ತಿರುವ ಮನೆಗಳಲ್ಲಿ ಎಷ್ಟೋ ಕಡೆ ಪ್ಲಗ್ಗೇ ಇರುವುದಿಲ್ಲ. ಎರಡು ವೈರಿನ ತುದಿ ಸುಲಿದು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುತ್ತಾರೆ. ಮೂರನೆಯ ಅರ್ಥ್ ವೈರು ಸುಮ್ಮನೆ ನೇತಾಡುತ್ತಿರುತ್ತದೆ. ಟೇಪು ಸುತ್ತಿದ ಜಾಯಿಂಟು ಕೆಸರಿನಲ್ಲೇ ಬಿದ್ದಿರುತ್ತದೆ. ಅಂಥ ಒಂದು ಮನೆಯಲ್ಲಿ ಮಾವನಿಗೆ ಶಾಕ್ ಹೊಡೆದು, ಹಿಂದಕ್ಕೆ ಎಸೆದ ಹಾಗೆ ಬಿದ್ದರು. ನಾನು ಓಡಿಹೋಗಿ ಮೇನ್ ಸ್ವಿಚ್ ಆಫ್ ಮಾಡಿದೆ. ಜೀವ ಉಳಿಯಿತು. ಅರ್ಧ ಗಂಟೆಯ ಮೇಲೆ ಬಂದ ಮನೆಯವರು ಕೇಳಿದ್ದು ಒಂದೇ: "ನಾಳೆಗೆ ಮುಗಿಯುತ್ತದಲ್ಲ?"

ಅಂದಿನಿಂದ ಮಾವ ಆರ್‌ಸಿಸಿಬಿ ಹಾಕಿದ ಸಣ್ಣ ಬೋರ್ಡನ್ನು ಜೊತೆಗೇ ಒಯ್ಯುತ್ತಾರೆ. ಹೋದ ಕರೆಂಟು ಅಷ್ಟೇ ವಾಪಸ್ ಬರುತ್ತಿದೆಯೇ ಎಂದು ಅದು ನೋಡುತ್ತಿರುತ್ತದೆ. 30 ಮಿಲಿ ಆಂಪಿಯರ್‌ನಷ್ಟು ಬೇರೆ ಕಡೆ ಸೋರಿದರೂ, ಅದು ಮನುಷ್ಯನ ಮೈಮೇಲೆ ಹಾದು ಹೋದರೂ ಸರಿ, ಕಣ್ಣು ಮಿಟುಕಿಸುವುದರೊಳಗೆ ಲೈನ್ ಕಡಿಯುತ್ತದೆ. ಫ್ಯೂಸಾಗಲಿ ಎಂಸಿಬಿಯಾಗಲಿ ಈ ಕೆಲಸ ಮಾಡುವುದಿಲ್ಲ. ಅವು ಇರುವುದು ಲೋಡ್ ಹೆಚ್ಚಾಗಿ ವೈರು ಸುಡದಿರಲಿ ಅಂತ, ಮನುಷ್ಯನನ್ನು ಕಾಯಲು ಅಲ್ಲ. ಆದರೂ ಬೋರ್ಡ್ ಜೋಡಿಸುವಾಗ "ಎರಡು ದಿನದ ಕೆಲಸಕ್ಕೆ ಇದೆಲ್ಲ ಯಾಕೆ?" ಅನ್ನುವವರು ಇದ್ದಾರೆ.

ಇನ್ನೊಂದು ಅಪಾಯ ಧೂಳು. ನೀರು ಹಾಕಿ ಉಜ್ಜಿದರೆ ಧೂಳು ಏಳುವುದಿಲ್ಲ. ಮೆಟ್ಟಿಲು, ಮೂಲೆಗಳಿಗೆ ಮೆಷಿನ್ ಹೋಗುವುದಿಲ್ಲವೆಂದು ಕೈ ಗ್ರೈಂಡರಿನಲ್ಲಿ ಒಣಗಿದ್ದನ್ನೇ ಉಜ್ಜುತ್ತಾರೆ. ಗ್ರಾನೈಟಿನಲ್ಲಿ ಸಿಲಿಕಾ ಇದೆ. ಆ ನುಣ್ಣನೆ ಧೂಳು ವರ್ಷಗಟ್ಟಲೆ ಎದೆಗೆ ಹೋದರೆ ಸಿಲಿಕೋಸಿಸ್ ಬರುತ್ತದೆ. ಹಾಳಾದ ಶ್ವಾಸಕೋಶವನ್ನು ಸರಿಮಾಡುವ ಔಷಧಿ ಇಲ್ಲ. ಮುಖಕ್ಕೆ ಕಟ್ಟಿದ ಟವೆಲ್ ಅದನ್ನು ತಡೆಯುವುದಿಲ್ಲ.

ಇಷ್ಟು ಕಷ್ಟದಿಂದ ಬಂದ ಹೊಳಪನ್ನು ಒಂದೇ ದಿನದಲ್ಲಿ ಕಳೆಯಬಹುದು. ಮಾರ್ಬಲ್, ಕಲಬುರಗಿ ಕಡೆಯ ಶಹಾಬಾದ್ ಕಲ್ಲು, ಕಡಪ ಕಲ್ಲು, ಮೊಸಾಯಿಕ್ಕಿನ ಚಿಪ್ಸು, ಎಲ್ಲದರಲ್ಲೂ ಸುಣ್ಣದ ಅಂಶವಿದೆ. ಕಕ್ಕಸು ತೊಳೆಯುವ ಆಸಿಡ್ ಸುರಿದರೆ ನೊರೆ ಎದ್ದು ಮೇಲ್ಪದರ ಕರಗುತ್ತದೆ. ನಿಂಬೆರಸ, ಹುಣಸೆರಸ ಬಿದ್ದು ಹಾಗೇ ಉಳಿದರೂ ಮಂಕಾದ ಕಲೆ. ಬರೀ ನೀರು, ಬೇಕಾದರೆ ಸ್ವಲ್ಪ ಮೆದು ಸೋಪು ಸಾಕು. ಚಪ್ಪಲಿಗೆ ಅಂಟಿ ಬರುವ ಮರಳು ಉಪ್ಪುಕಾಗದದ ಹಾಗೆ ನೆಲ ತಿಕ್ಕುತ್ತದೆ, ಬಾಗಿಲಲ್ಲಿ ಕಾಲೊರೆಸು ಇರಲಿ. ಪಾಲಿಶ್ ಮಾಡಿದ ಕೆಸರನ್ನು ಚರಂಡಿಗೆ ಬಿಡಬೇಡಿ, ತಳದಲ್ಲಿ ಕೂತು ಗಟ್ಟಿಯಾಗುತ್ತದೆ.

ನಿಮ್ಮ ಮನೆಗೆ ಪಾಲಿಶ್‌ನವರು ಬರುವ ಮೊದಲೇ ಎಲೆಕ್ಟ್ರಿಷಿಯನ್‌ನನ್ನು ಕರೆಸಿ. ಅರ್ಥಿಂಗ್ ಸರಿ ಇದೆಯಾ ನೋಡಲಿ, ಮೂರು ಪಿನ್ನಿನ ಪ್ಲಗ್ ಹಾಕಲಿ, ಆರ್‌ಸಿಸಿಬಿ ಕೂರಿಸಿ ಅದರ ಟೆಸ್ಟ್ ಬಟನ್ ಒತ್ತಿ ತೋರಿಸಲಿ. ಆ ಖರ್ಚು ಕೆಲಸದವರಿಗಾಗಿ ಮಾತ್ರ ಅಂದುಕೊಳ್ಳಬೇಡಿ. ಅವರು ಮೆಷಿನ್ ಹೊತ್ತುಕೊಂಡು ಮುಂದಿನ ಮನೆಗೆ ಹೋಗುತ್ತಾರೆ. ಆ ಸ್ವಿಚ್ ನಿಮ್ಮ ಮನೆಯಲ್ಲೇ ಉಳಿಯುತ್ತದೆ, ಒದ್ದೆ ಕೈಯಲ್ಲಿ ಮಿಕ್ಸಿ ಹಾಕುವ ನಿಮ್ಮ ಅಮ್ಮನನ್ನೂ ಕಾಯುತ್ತದೆ.