ಅರೇಹಳ್ಳಿಯವರೆಗೆ

ಶ್ರಾವಕನ ಹನ್ನೆರಡು ವ್ರತಗಳಲ್ಲಿ ಎರಡು ನೇರವಾಗಿ ಪ್ರಯಾಣಕ್ಕೆ ಸಂಬಂಧಿಸಿದವು. ಹತ್ತು ದಿಕ್ಕುಗಳಲ್ಲಿ ಇಂತಿಷ್ಟು ದೂರದಾಚೆಗೆ ಹೋಗುವುದಿಲ್ಲವೆಂದು ಜೀವಿತಾವಧಿಗೆ ಎಲ್ಲೆ ಕಟ್ಟಿಕೊಳ್ಳುವುದು ದಿಗ್ವ್ರತ. ಆ ಎಲ್ಲೆಯೊಳಗೇ ಒಂದು ದಿನಕ್ಕೋ ಒಂದು ತಿಂಗಳಿಗೋ ಇನ್ನೂ ಕಿರಿದಾದ ಗೆರೆಯನ್ನು ಎಳೆದುಕೊಳ್ಳುವುದು ದೇಶವ್ರತ. ತತ್ತ್ವಾರ್ಥಸೂತ್ರದ ಪರಂಪರೆ ಎರಡನ್ನೂ ಗುಣವ್ರತವೆನ್ನುತ್ತದೆ. ಸಮಂತಭದ್ರರ ರತ್ನಕರಂಡಕ ಶ್ರಾವಕಾಚಾರ ಎರಡನೆಯದನ್ನು ದೇಶಾವಕಾಶಿಕವೆಂದು ಕರೆದು ಶಿಕ್ಷಾವ್ರತಗಳಲ್ಲಿ ಸೇರಿಸುತ್ತದೆ. ವಿದ್ಯಾರ್ಥಿದೆಸೆಯಲ್ಲಿ ಈ ಭೇದವನ್ನು ಪರೀಕ್ಷೆಗಾಗಿ ಉರುಹೊಡೆದಿದ್ದೆ. ಅದು ಅನುಭವಕ್ಕೆ ಬಂದದ್ದು 1991ರ ಡಿಸೆಂಬರಿನಲ್ಲಿ, ಗೆಳೆಯನೊಬ್ಬನೊಡನೆ ಅರಸೀಕೆರೆಯಿಂದ ಹೊರಟ ತಿರುಗಾಟದಲ್ಲಿ. ಎಲ್ಲೆ ಎಳೆದವರು ಮಾತ್ರ ನಾವಲ್ಲ, ನಮ್ಮ ಜೇಬು. ಇಬ್ಬರದೂ ಕೂಡಿ 340 ರೂಪಾಯಿ ಇತ್ತು.

ಅರಸೀಕೆರೆ, ಹಳೇಬೀಡು, ಬೇಲೂರು, ಅರೇಹಳ್ಳಿ, ಕೊನೆಗೆ ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬುದು ನಾನು ಹಾಕಿದ ಕ್ರಮ. ಹೊಯ್ಸಳರ ಚರಿತ್ರೆಯನ್ನು ಕೊನೆಯ ಪುಟದಿಂದ ಮೊದಲ ಪುಟಕ್ಕೆ ಓದುತ್ತ ಹೋದ ಹಾಗೆ. ಶಾಸನೋಕ್ತ ಸೊಸೆವೂರೇ ಇಂದಿನ ಅಂಗಡಿ. ಸಳನ ಕಥೆ ಹುಟ್ಟಿದ ನೆಲ. ಗೆಳೆಯ ಅರ್ಥಶಾಸ್ತ್ರದ ವಿದ್ಯಾರ್ಥಿ, ಜೈನನಲ್ಲ, ಬಸದಿಗಳಲ್ಲಿ ವಿಶೇಷ ಆಸಕ್ತಿಯೂ ಇರಲಿಲ್ಲ. ಆ ಬೇಸಿಗೆಯಲ್ಲಿ ತಂದೆಯನ್ನು ಕಳೆದುಕೊಂಡಿದ್ದ; ಮನೆಯಲ್ಲಿ ಕೂರಲಾರದೆ ನನ್ನ ಜೊತೆ ಹೊರಟಿದ್ದ. ಖರ್ಚಿನ ಲೆಕ್ಕದ ಪುಸ್ತಕ ಅವನ ಕೈಯಲ್ಲಿತ್ತು.

ಅರಸೀಕೆರೆಯ ಸಹಸ್ರಕೂಟ ಜಿನಾಲಯದ ಬಾಗಿಲಿಗೆ ಬೀಗವಿತ್ತು. ಬೀಗದ ಕೈ ಬರಲು ಎರಡು ಗಂಟೆ ಹಿಡಿಯಿತು. ಕಾಯುವ ಹೊತ್ತಿನಲ್ಲಿ ಅವನಿಗೆ ರೇಚರಸನ ಕಥೆ ಹೇಳಿದೆ. ವಸುಧೈಕಬಾಂಧವನೆಂಬ ಬಿರುದಿನ ಈ ದಂಡನಾಯಕ ಮೊದಲು ಕಳಚುರಿಗಳ ಸೇವೆಯಲ್ಲಿದ್ದವನು. ಆ ಅರಸುತನ ಕುಸಿದ ಮೇಲೆ ಇಮ್ಮಡಿ ಬಲ್ಲಾಳನ ಆಶ್ರಯಕ್ಕೆ ಬಂದ. ಶ್ರವಣಬೆಳಗೊಳದ ಮಗ್ಗುಲಿನ ಜಿನನಾಥಪುರದ ಶಾಂತಿನಾಥ ಬಸದಿ ಅವನದು. ಸುಮಾರು 1220ರ ಈ ಸಹಸ್ರಕೂಟವೂ ಅವನದೇ. ಸಾವಿರ ಜಿನಬಿಂಬಗಳನ್ನು ಒಂದೇ ಕೂಟದಲ್ಲಿ ನಿಲ್ಲಿಸಿದವನು ಹುಟ್ಟಿನಿಂದ ಈ ರಾಜ್ಯದವನಲ್ಲ, ಹೊರಗಿನಿಂದ ಬಂದು ನೆಲೆ ಬೇಡಿದವನು ಎಂಬುದನ್ನು ನಮ್ಮ ಕೈಪಿಡಿಗಳು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಗೆಳೆಯ ಕೇಳಿದ್ದು ಬೇರೆ: “ಬಂದ ಹೊಸದರಲ್ಲಿ ಅವನಿಗೆ ಯಾರು ಊಟ ಹಾಕಿದರು?” ಶಾಸನಗಳಿಂದ ಉತ್ತರ ಸಿಗದ ಪ್ರಶ್ನೆ. ನಗಬೇಕೆನಿಸಿತು, ನಗಲಾಗಲಿಲ್ಲ.

ಊಟದ ಮಾತು ಅವನ ಬಾಯಲ್ಲಿ ಬಂದದ್ದಕ್ಕೆ ಕಾರಣವಿತ್ತು. ನನಗೆ ರಾತ್ರಿಭೋಜನವಿಲ್ಲ, ಗೆಡ್ಡೆಗೆಣಸು, ಈರುಳ್ಳಿ, ಬೆಳ್ಳುಳ್ಳಿ ಇಲ್ಲ. ಕಡಿಮೆ ಬೆಲೆಯ ಹೋಟೆಲುಗಳಲ್ಲಿ ಇವಿಷ್ಟನ್ನು ಬಿಟ್ಟರೆ ಉಳಿಯುವುದು ಇಡ್ಲಿ, ಮೊಸರನ್ನ, ಬಾಳೆಹಣ್ಣು. ಬಸ್ಸುಗಳಂತೂ ಸೂರ್ಯಾಸ್ತವನ್ನು ನೋಡಿಕೊಂಡು ಓಡುವವಲ್ಲ. ಬಾಣಾವರ, ಜಾವಗಲ್ ಮಾರ್ಗವಾಗಿ ಹಳೇಬೀಡು ತಲುಪುವಾಗ ಕತ್ತಲಾಗಿತ್ತು. ನಾನು ನೀರು ಕುಡಿದು ಮಲಗಲು ಸಿದ್ಧನಾದೆ. ನನ್ನೆದುರು ತಿನ್ನಲು ಅವನಿಗೆ ಮನಸ್ಸಾಗಲಿಲ್ಲ, ಅವನೂ ಹಸಿದೇ ಮಲಗಿದ. ವ್ರತ ನನ್ನದು, ಹಸಿವು ಇಬ್ಬರದು. ಶ್ರಾವಕಾಚಾರಗಳು ವ್ರತದ ಅತಿಚಾರಗಳನ್ನು ಎಣಿಸಿ ಹೇಳುತ್ತವೆ. ಜೊತೆಗಾರನ ಹೊಟ್ಟೆಯ ವಿಷಯ ಅವುಗಳಲ್ಲಿ ಕಾಣೆ. ಬೆಳಿಗ್ಗೆ ಅವನು ಲೆಕ್ಕದ ಪುಸ್ತಕವನ್ನು ನನ್ನೆದುರು ಎಸೆದು, ಹೀಗೆ ಉಳಿಸಿದ ಹಣ ಯಾರಿಗೆ ಬೇಕೆಂದು ಸಿಡುಕಿದ. ಮಾತು ಬೆಳೆದು ಇಬ್ಬರೂ ಮೌನವಾದೆವು.

ಆ ಮೌನದಲ್ಲೇ ಹೊಯ್ಸಳೇಶ್ವರವನ್ನು ನೋಡಿ, ಅಲ್ಲಿಂದ ತುಸು ದೂರದ ಬಸದಿಹಳ್ಳಿಗೆ ನಡೆದೆವು. ಹೊಯ್ಸಳೇಶ್ವರದಲ್ಲಿ ಜನಜಂಗುಳಿ, ಇಲ್ಲಿ ಮೂರು ಬಸದಿಗಳಿಗೆ ನಾವಿಬ್ಬರೇ. ಪಾರ್ಶ್ವನಾಥ ಬಸದಿಯ ನವರಂಗದ ಕಂಬಗಳನ್ನು ಕಡೆದು ಉಜ್ಜಿ ಕನ್ನಡಿಯಾಗಿಸಿದ್ದಾರೆ. ಹತ್ತಿರ ನಿಂತವನ ಆಕೃತಿ ಕರಿಗಲ್ಲಿನಲ್ಲಿ ಉದ್ದುದ್ದವಾಗಿ ಕಾಣುತ್ತದೆ. 1133ರಲ್ಲಿ ಇದನ್ನು ಕಟ್ಟಿಸಿದವನು ಬೊಪ್ಪದೇವ, ವಿಷ್ಣುವರ್ಧನನ ಮಹಾಪ್ರಧಾನ ಗಂಗರಾಜನ ಮಗ. ತೀರಿಕೊಂಡ ತಂದೆಯ ಸ್ಮರಣಾರ್ಥ. ಗಂಗರಾಜನ ಬಿರುದಿನಿಂದಲೇ ಇದು ದ್ರೋಹಘರಟ್ಟ ಜಿನಾಲಯವಾಯಿತು. ಪ್ರತಿಷ್ಠೆಯ ಶೇಷಾಕ್ಷತೆ ಅರಸನನ್ನು ತಲುಪಿದ ಹೊತ್ತಿಗೆ ಅವನಿಗೆ ಯುದ್ಧದಲ್ಲಿ ಗೆಲುವೂ ಆಗಿತ್ತು, ಮಗನೂ ಹುಟ್ಟಿದ್ದ. ಹಾಗಾಗಿ ದೇವರಿಗೆ ವಿಜಯಪಾರ್ಶ್ವನೆಂದೂ ಮಗುವಿಗೆ ವಿಜಯನರಸಿಂಹನೆಂದೂ ಹೆಸರಿಟ್ಟನೆಂದು ಶಾಸನ ಹೇಳುತ್ತದೆ. ಒಬ್ಬ ಮಗನ ದುಃಖದ ಕಟ್ಟಡ ಇನ್ನೊಬ್ಬ ತಂದೆಯ ಸಂಭ್ರಮದ ಹೆಸರು ಹೊತ್ತಿತು. ಇದನ್ನೆಲ್ಲ ನಾನು ಪಾಠ ಒಪ್ಪಿಸುವಂತೆ ಹೇಳುತ್ತಿದ್ದೆ. ಗೆಳೆಯ ಕಂಬಕ್ಕೆ ಅಂಗೈ ಒತ್ತಿ ನಿಂತಿದ್ದ. ಬೇಲೂರಿನ ಬಸ್ಸು ತಪ್ಪಿತು. ಅವನು ಅಲ್ಲಿಂದ ಕದಲಲಿಲ್ಲ, ನಾನು ಅವಸರಿಸಲಿಲ್ಲ. ಹೊರಗೆ ಬಂದಾಗ ಲೆಕ್ಕದ ಪುಸ್ತಕವನ್ನು ತಾನಾಗಿಯೇ ಕೇಳಿ ತೆಗೆದುಕೊಂಡ.

ಬೇಲೂರಿನ ಬಗ್ಗೆ ಹೆಚ್ಚು ಬರೆಯಲಾರೆ. ಚೆನ್ನಕೇಶವನ ಅಂಗಳದಲ್ಲಿ ಬೆನ್ನಿಗೆ ಆಳೆತ್ತರದ ಚೀಲ ಹೊತ್ತ ಇಬ್ಬರು ವಿದೇಶಿ ಯುವಕರು ಬಾಳೆಹಣ್ಣಿನ ಗೊನೆಯೊಂದನ್ನು ಎಣಿಸಿ ಎಣಿಸಿ ಹಂಚಿಕೊಳ್ಳುತ್ತಿದ್ದುದು ನೆನಪಿದೆ. ಸಮುದ್ರ ದಾಟಿ ಬಂದವರ ಜಿಪುಣತನವೂ ನಮ್ಮದರಂತೆಯೇ ಇತ್ತು. ಸಂಜೆ ಗೆಳೆಯನಿಗೆ ಜ್ವರ ಬಂತು.

ಅರೇಹಳ್ಳಿಯಲ್ಲಿ ಅವನ ದೂರದ ಬಂಧುಗಳಿದ್ದರು. ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು ಬಂದ. ಅದು ಕಾಫಿ ಕೊಯ್ಲಿನ ಕಾಲ. ಕಣಗಳಲ್ಲಿ ಹಣ್ಣು ಹರಡಿತ್ತು, ಊರೆಲ್ಲ ಹುಳಿಮಿಶ್ರಿತ ವಾಸನೆ. ಆ ಮನೆಯ ಗೃಹಿಣಿ ನನ್ನ ನಿಯಮವನ್ನು ಒಮ್ಮೆ ಕೇಳಿ ತಿಳಿದುಕೊಂಡರು, ಮತ್ತೆ ಕೇಳಲಿಲ್ಲ. ಕೊಯ್ಲಿನ ಆಳುಗಳಿಗೆ ಬಡಿಸುವ ಗಡಿಬಿಡಿಯ ನಡುವೆಯೂ ದಿನಾ ಹೊತ್ತು ಮುಳುಗುವ ಮುನ್ನ ಈರುಳ್ಳಿಯಿಲ್ಲದ ಅಡುಗೆ ಬೇರೆಯಾಗಿ ಎಲೆಗೆ ಬೀಳುತ್ತಿತ್ತು. ಹನ್ನೆರಡನೆಯ ವ್ರತ ಅತಿಥಿಸಂವಿಭಾಗ. ಆ ಹೆಸರನ್ನು ಅವರು ಕೇಳಿರಲಿಕ್ಕಿಲ್ಲ. ಮೂರನೆಯ ದಿನ ಜ್ವರ ಇಳಿದು, ಗೆಳೆಯ ರಾತ್ರಿ ಎಂಟು ಗಂಟೆಗೆ ನನ್ನೆದುರೇ ಕುಳಿತು ಅಕ್ಕಿರೊಟ್ಟಿ, ಈರುಳ್ಳಿ ಚಟ್ನಿಯನ್ನು ಸದ್ದು ಮಾಡುತ್ತ ತಿಂದ. ನೋಡಿ ಸಂತೋಷವಾಯಿತು.

ಔಷಧಿಗೆ ಹೋಗಿ ಉಳಿದ ಹಣ ಇಬ್ಬರೂ ಊರು ಸೇರಲು ಸಾಲುವಷ್ಟಿತ್ತು. ಅಂಗಡಿ ಅಲ್ಲಿಂದ ಬಹಳ ದೂರವೇನಲ್ಲ. “ನೀನೊಬ್ಬನೇ ಹೋಗಿ ಬಾ, ನಾನು ಇಲ್ಲಿ ಕಾಯುತ್ತೇನೆ” ಎಂದ. ನಾನು ಹೋಗಲಿಲ್ಲ. ಎಳೆದ ಗೆರೆ ಅರೇಹಳ್ಳಿಯವರೆಗೆ ಎಂದು ಅವನಿಗೆ ದೇಶವ್ರತವನ್ನು ವಿವರಿಸಿದೆ. ಹಣವಿಲ್ಲದವನು ಹೇಳುವ ಶಾಸ್ತ್ರ ಇದು ಎಂದು ನಕ್ಕ.

ಅಂಗಡಿಯನ್ನು ನೋಡಿದ್ದು ಹಲವು ವರ್ಷಗಳ ನಂತರ. ಮರಗಳ ನೆರಳಿನಲ್ಲಿ ಹಳೆಯ ಬಸದಿಗಳು, ಆಚೆ ವಾಸಂತಿಕಾ ದೇವಿಯ ಗುಡಿ. ವಿನಯಾದಿತ್ಯನ ಗುರು ಶಾಂತಿದೇವರು 1062ರಲ್ಲಿ ಸನ್ಯಸನದಿಂದ ಮುಡಿಪಿದ್ದು ಇಲ್ಲಿ; ಅರಸನೊಡನೆ ಊರವರೂ ಸೇರಿ ಅವರಿಗೆ ನಿಷಿಧಿ ನಿಲ್ಲಿಸಿದರು. ಅಷ್ಟು ಹೊತ್ತಿಗೆ ಗೆಳೆಯ ಹೊರದೇಶದಲ್ಲಿ ನೆಲೆಸಿದ್ದ. ಕಂಡದ್ದನ್ನೆಲ್ಲ ಬರೆದು ಕಳಿಸಿದೆ. ಉತ್ತರದಲ್ಲಿ ಬಸದಿಗಳ ಮಾತಿರಲಿಲ್ಲ. ಹೋಗುವಾಗ ಅರೇಹಳ್ಳಿಯಲ್ಲಿ ಇಳಿದೆಯಾ, ಆ ಮನೆಯವರು ಹೇಗಿದ್ದಾರೆ ಎಂದು ಕೇಳಿದ್ದ.