ಕಾಳಿನ ತಟ್ಟೆಯ ಮುಂದೆ ಕಲಿತ ಪಾಠ

ಹೊರಗೆ ಊಟಕ್ಕೆ ಹೋದಾಗ ನೀವು ಮೊದಲು ಏನನ್ನು ನೋಡುತ್ತೀರಿ? ನಾನಂತೂ ಬಾಗಿಲ ಮೇಲಿನ ಬೋರ್ಡನ್ನು ನೋಡುತ್ತೇನೆ. 'ಹಲಾಲ್' ಎಂದಿದ್ದರೆ ನಿಶ್ಚಿಂತೆಯಿಂದ ಒಳಗೆ ಹೋಗುತ್ತೇನೆ. ಇಲ್ಲದಿದ್ದರೆ 'ಶುದ್ಧ ಸಸ್ಯಾಹಾರಿ' ಎಂದಿದೆಯೇ ಎಂದು ಹುಡುಕುತ್ತೇನೆ. ನಮ್ಮ ಹಾವೇರಿಯ ಖಾನಾವಳಿಯಲ್ಲಿ ಎರಡು ರೊಟ್ಟಿ, ಕಾಳಿನ ಪಲ್ಯ, ಮೊಸರು ತಿಂದು ಬರಲು ಯಾರನ್ನೂ ಏನನ್ನೂ ಕೇಳಬೇಕಾಗಿಲ್ಲ. ಕಾಳು ಎಂದರೆ ಕಾಳು. ಅದರಲ್ಲಿ ಹರಾಮ್ ಆಗುವಂಥದ್ದು ಏನಿರಲು ಸಾಧ್ಯ?

ನಲವತ್ತು ದಾಟಿದ ನನಗೆ ಈ ವಿಷಯದಲ್ಲಿ ಹೊಸದಾಗಿ ಕಲಿಯುವುದೇನೂ ಇಲ್ಲ ಎಂದುಕೊಂಡಿದ್ದೆ. ಮದ್ರಸದಲ್ಲಿ ಏಳು ವರ್ಷ ಓದಿದವಳು, ಆಮೇಲೆ ಮನೆಯಲ್ಲೇ ಕುಳಿತು ಓದಿ ಬಿ.ಎ. ಮುಗಿಸಿದವಳು, ಹೆಣ್ಣುಮಕ್ಕಳಿಗೆ ಅರಬಿ ಮತ್ತು ದೀನಿ ಪಾಠ ಹೇಳುವವಳು. ಆದರೆ ಒಂದು ತಟ್ಟೆ ಕಾಳು ನನಗೆ ಎರಡು ಪಾಠ ಕಲಿಸಿತು. ಒಂದು ಆಹಾರದ್ದು, ಇನ್ನೊಂದು ನಾಲಿಗೆಯದ್ದು. ಅದನ್ನು ನಿಮ್ಮೊಂದಿಗೆ ಹಂಚಿಕೊಳ್ಳಬೇಕೆನಿಸಿತು.

2023ರಲ್ಲಿ ಈದ್ ಕಳೆದ ಮೇಲೆ, ಬೇಸಿಗೆ ರಜೆಯಲ್ಲಿ, ಪತಿಯೊಂದಿಗೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ತಂಗಿಯ ಮನೆಗೆ ಹೋಗಿದ್ದೆ. ಲಾಸ್ ಏಂಜಲೀಸ್‌ನ ದಕ್ಷಿಣಕ್ಕಿರುವ ಆರೆಂಜ್ ಕೌಂಟಿಯಲ್ಲಿ ಅವರ ವಾಸ. ಅಲ್ಲಿನ ಅನಾಹೈಮ್ ನಗರದಲ್ಲಿ ಅರಬರ ಅಂಗಡಿಗಳೇ ತುಂಬಿರುವ ಒಂದು ಪ್ರದೇಶವಿದೆ. 2022ರಲ್ಲಿ ನಗರಾಡಳಿತವೇ ಅದಕ್ಕೆ 'ಲಿಟಲ್ ಅರೇಬಿಯಾ' ಎಂದು ಅಧಿಕೃತವಾಗಿ ಹೆಸರು ಕೊಟ್ಟಿದೆ. ಮನೆಗೆ ಮಾಂಸ ಅಲ್ಲಿಂದಲೇ ಬರುತ್ತದೆ. ಆದರೆ ಶನಿವಾರ ಸಂಜೆಯ ಊಟ ಮಾತ್ರ ಮನೆಯಿಂದ ನಡೆದು ಹೋಗುವಷ್ಟು ದೂರದ ಒಂದು ಸಣ್ಣ ಮೆಕ್ಸಿಕನ್ ಹೋಟೆಲಿನಲ್ಲಿ. "ಆಪಾ, ಅಲ್ಲಿ ನಾವು ಮಾಂಸ ಮುಟ್ಟುವುದಿಲ್ಲ. ಬರೀ ರೊಟ್ಟಿ, ಕಾಳು, ಅನ್ನ. ನಿನಗೆ ನಮ್ಮ ಊರಿನ ನೆನಪಾಗುತ್ತದೆ ನೋಡು" ಎಂದು ತಂಗಿ ಉತ್ಸಾಹದಿಂದ ಕರೆದುಕೊಂಡು ಹೋದಳು.

ಅವಳ ಮಾತು ನಿಜವಾಗಿತ್ತು. ಲಾಂಡ್ರಿ ಅಂಗಡಿಯ ಪಕ್ಕದಲ್ಲಿ ಹತ್ತು ಮೇಜಿನ ಹೋಟೆಲು. ಸೂರಿನಿಂದ ಬಣ್ಣ ಬಣ್ಣದ ಕಾಗದದ ತೋರಣ. ಕುಳಿತ ಕೂಡಲೇ, ಕೇಳದೆಯೇ, ಒಂದು ಬುಟ್ಟಿ ಕರಿದ ಜೋಳದ ಚೂರುಗಳು, ಜೊತೆಗೆ ಟೊಮೆಟೊ, ಈರುಳ್ಳಿ, ಹಸಿಮೆಣಸು, ಕೊತ್ತಂಬರಿ ಸೊಪ್ಪು ಹಾಕಿ ಕಲಸಿದ ಸಾಲ್ಸಾ. ಅದು ನಮ್ಮ ಕಚಂಬರಿಯ ತಂಗಿಯೇ. ಒಳಗೆ ಒಬ್ಬಾಕೆ ಕಬ್ಬಿಣದ ಹಂಚಿನ ಮೇಲೆ ಟೋರ್ಟಿಯಾ ಎಂಬ ರೊಟ್ಟಿ ಬೇಯಿಸುತ್ತಿದ್ದರು. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಸಿಪ್ಪೆ ತೊಳೆದು, ರುಬ್ಬಿ ಹಿಟ್ಟು ಮಾಡುತ್ತಾರಂತೆ. ಸುಣ್ಣದಿಂದ ಸಿಪ್ಪೆ ಬಿಡುವುದಷ್ಟೇ ಅಲ್ಲ, ಜೋಳದಲ್ಲಿರುವ ಒಂದು ಜೀವಸತ್ವ ದೇಹಕ್ಕೆ ದಕ್ಕುವಂತಾಗುತ್ತದೆ. ಸಾವಿರಾರು ವರ್ಷಗಳಿಂದ ಆ ನಾಡಿನ ಹೆಂಗಸರಿಗೆ ತಿಳಿದ ವಿದ್ಯೆ ಇದು. ನಾವು ಮಿಲ್ಕ್‌ಶೇಕ್ ಮಾಡಿ ಕುಡಿಯುವ ಬೆಣ್ಣೆಹಣ್ಣನ್ನು ಅವರು ಉಪ್ಪು, ನಿಂಬೆ, ಮೆಣಸಿನಕಾಯಿ ಹಾಕಿ ಚಟ್ನಿಯಂತೆ ಕಲಸುತ್ತಾರೆ. ಅದೇ ಗ್ವಾಕಮೋಲೆ.

ಬಡಿಸಲು ಬಂದವರು ಅರವತ್ತು ದಾಟಿದ ಒಬ್ಬ ಅಜ್ಜಿ. ತಂಗಿಯನ್ನು ಕಂಡು ಅಪ್ಪಿಕೊಂಡರು. ಮೇಜಿನ ಮೇಲೆ ಅರೆದ ಕಾಳು, ಕೆಂಪು ಅನ್ನ, ಬಿಸಿ ರೊಟ್ಟಿ ಬಂದವು. ನಾನು ಬಿಸ್ಮಿಲ್ಲಾಹ್ ಹೇಳಿ ಕೈ ಚಾಚುವ ಮೊದಲು ಅಭ್ಯಾಸಬಲದಿಂದ ಮೆನು ಕಾರ್ಡಿನ ಮೇಲೆ ಕಣ್ಣಾಡಿಸಿದೆ. ಜೋಳದ ಎಲೆಯಲ್ಲಿ ಸುತ್ತಿ ಬೇಯಿಸುವ ತಮಾಲೆ ಎಂಬ ಕಡುಬಿನ ವಿವರಣೆಯಲ್ಲಿ 'ಲಾರ್ಡ್' ಎಂಬ ಪದವಿತ್ತು. ನನ್ನ ಬಿ.ಎ. ಇಂಗ್ಲಿಷಿಗೆ ಅದು ಸಿಗಲಿಲ್ಲ. ತಂಗಿಯ ಹದಿನಾಲ್ಕು ವರ್ಷದ ಮಗಳನ್ನು ಕೇಳಿದೆ. ಅವಳು ಮೊಬೈಲಿನಲ್ಲಿ ನೋಡಿ ಸಣ್ಣ ದನಿಯಲ್ಲಿ ಹೇಳಿದಳು: "ಹಂದಿಯ ಕೊಬ್ಬು, ಖಾಲಾ."

"ಹಾಗಾದರೆ ಈ ಕಾಳಿನಲ್ಲಿ?" ಎಂದೆ.

ಅಜ್ಜಿಯನ್ನು ಕರೆದು ಕೇಳಿದೆವು. ಆಕೆ ಒಂದಿಷ್ಟೂ ಮುಚ್ಚಿಡಲಿಲ್ಲ. ಹೌದು, ಬೇಯಿಸಿದ ಕಾಳನ್ನು ಅರೆದು ಅದೇ ಕೊಬ್ಬಿನಲ್ಲಿ ಹುರಿಯುವುದು, ಹಾಗೆ ಮಾಡಿದರೇ ರುಚಿ, ತನ್ನ ತಾಯಿಯೂ ಹಾಗೆಯೇ ಮಾಡುತ್ತಿದ್ದರು ಎಂದರು. ನಮಗೆ ತುಪ್ಪ ಹೇಗೋ ಅವರಿಗೆ ಅದು ಹಾಗೆ. ಎಷ್ಟೋ ಹೋಟೆಲುಗಳಲ್ಲಿ ಈಗ ಅಡುಗೆ ಎಣ್ಣೆ ಬಳಸುತ್ತಾರೆ. ಇದು ಹಳೆಯ ಪದ್ಧತಿಯ ಮನೆಯಡುಗೆಯ ಹೋಟೆಲು.

ಆ ಕ್ಷಣದಲ್ಲಿ ನಾನು ಮಾಡಿದ್ದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ತಟ್ಟೆಯನ್ನು ದೂರ ತಳ್ಳಿ, ನಮ್ಮ ಮನೆಮಾತಿನಲ್ಲಿ ತಂಗಿಗೆ ಹೇಳಿದೆ: "ಹದಿನಾಲ್ಕು ವರ್ಷದಿಂದ ಇಲ್ಲಿದ್ದೀಯಲ್ಲ, ಒಂದು ಮಾತು ಕೇಳಬೇಕೆಂದು ಅನಿಸಲಿಲ್ಲವೇ? ಮಕ್ಕಳಿಗೆ ಏನು ತಿನ್ನಿಸಿ ಬೆಳೆಸಿದ್ದೀಯ?" ಪಕ್ಕದ ಮೇಜಿನವರು ತಿರುಗಿ ನೋಡಿದರು. ಅಜ್ಜಿಗೆ ನನ್ನ ಭಾಷೆ ತಿಳಿಯದು, ಮುಖ ತಿಳಿಯಿತು. ತಾನೇ ಏನೋ ತಪ್ಪು ಮಾಡಿದವರಂತೆ ಕ್ಷಮೆ ಕೇಳುತ್ತಾ ತಟ್ಟೆಗಳನ್ನು ಎತ್ತಿಕೊಂಡರು. ತಂಗಿಯ ಮಗಳು ಎದ್ದು ಹೊರಗೆ ಹೋದಳು. ತಂಗಿ ತಲೆ ತಗ್ಗಿಸಿ ಕುಳಿತಿದ್ದಳು.

ರಾತ್ರಿ ಇಶಾ ನಮಾಝ್ ಆದ ಮೇಲೆ ತಂಗಿ ನನ್ನ ಕೋಣೆಗೆ ಬಂದಳು. "ಆಪಾ, ನೀನು ಹೇಳಿದ್ದು ತಪ್ಪಲ್ಲ. ಕೇಳಬೇಕಿತ್ತು. ಕಾಳಿನಲ್ಲಿ ಏನಿರುತ್ತದೆ ಎಂದುಕೊಂಡೆ. ಆದರೆ ಮಗಳ ಎದುರಿಗೆ, ಆ ಅಜ್ಜಿಯ ಎದುರಿಗೆ ಹೇಳಿದೆಯಲ್ಲ..." ಎಂದು ನಿಲ್ಲಿಸಿದಳು. ಆಮೇಲೆ ನನಗೆ ಗೊತ್ತಿಲ್ಲದ ಒಂದು ಕಥೆ ಹೇಳಿದಳು. ಮೊದಲ ವರ್ಷ ಅವಳು ಎರಡು ತಿಂಗಳ ಮಗುವಿನೊಂದಿಗೆ ಇಡೀ ದಿನ ಒಬ್ಬಳೇ. ಕಾರು ಓಡಿಸಲು ಬರುವುದಿಲ್ಲ, ಮಾತನಾಡಲು ಯಾರೂ ಇಲ್ಲ. ಒಂದು ಮಧ್ಯಾಹ್ನ ಅಳುವ ಮಗುವನ್ನು ಎತ್ತಿಕೊಂಡು ಬೀದಿಯಲ್ಲಿ ನಿಂತಿದ್ದಾಗ ಈ ಅಜ್ಜಿ ಹೋಟೆಲಿನಿಂದ ಹೊರಗೆ ಬಂದು, ಒಳಗೆ ಕೂರಿಸಿ, ಹಾಲಿನ ಬಾಟಲಿ ಬಿಸಿ ಮಾಡಿಕೊಟ್ಟು, ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಮಲಗಿಸಿದ್ದರಂತೆ. ಹಣ ತೆಗೆದುಕೊಳ್ಳಲಿಲ್ಲವಂತೆ. "ನಮ್ಮ ಅಮ್ಮಿಯ ಮುಖ ನೋಡಿದ ಹಾಗಾಯಿತು ಆಪಾ. ಅದಕ್ಕೇ ಶನಿವಾರ ಅಲ್ಲಿಗೆ ಹೋಗುವುದು. ಊಟಕ್ಕಲ್ಲ."

ನನಗೆ ನಿದ್ದೆ ಬರಲಿಲ್ಲ. ತಿಳಿಯದೆ ತಿಂದವರ ಮೇಲೆ ಪಾಪವಿಲ್ಲ, ತಿಳಿದ ಮೇಲೆ ಬಿಡಬೇಕು. ಈ ಪಾಠವನ್ನು ನಾನೇ ಪ್ರತಿವರ್ಷ ವಿದ್ಯಾರ್ಥಿನಿಯರಿಗೆ ಹೇಳುತ್ತೇನೆ. ಪ್ರವಾದಿವರ್ಯರು(ಸ) ಯಾವ ಊಟವನ್ನೂ ಹಳಿಯುತ್ತಿರಲಿಲ್ಲ, ಇಷ್ಟವಾದರೆ ಸೇವಿಸುತ್ತಿದ್ದರು, ಇಲ್ಲದಿದ್ದರೆ ಸುಮ್ಮನೆ ಬಿಡುತ್ತಿದ್ದರು ಎಂದೂ ಹೇಳುತ್ತೇನೆ. ಅಂದು ಹಂದಿಯ ಕೊಬ್ಬನ್ನು ಬಿಟ್ಟದ್ದು ಸರಿ. ಆದರೆ ಬಿಡಲು ಸದ್ದು ಬೇಕಿರಲಿಲ್ಲ. ಸಹೋದರಿಯರೇ, ನಮ್ಮಲ್ಲಿ ಎಷ್ಟೋ ಮಂದಿ ಸರಿಯಾದ ಮಾತನ್ನೇ ಹೇಳುತ್ತೇವೆ, ಆದರೆ ಕೇಳುವವರು ಆ ಮಾತಿಗೆ ಹೆದರಿ ಓಡುವಂತೆ ಹೇಳುತ್ತೇವೆ. ಹದಿನಾಲ್ಕರ ಆ ಹುಡುಗಿ ಅಂದು ಏನು ಕಲಿತಿರಬೇಕು? ಹಲಾಲ್ ಎಂದರೆ ನಾಲ್ಕು ಜನರ ಮುಂದೆ ಅವಮಾನ ಎಂದು ತಾನೇ?

ಬೆಳಿಗ್ಗೆ ಫಜ್ರ್ ಆದ ಮೇಲೆ ತಂಗಿಯ ಕೈ ಹಿಡಿದು ಕ್ಷಮೆ ಕೇಳಿದೆ. ಅವಳು ಅತ್ತಳು, ನಾನೂ ಅತ್ತೆ. ಮಗಳು ಸುಲಭಕ್ಕೆ ಒಲಿಯಲಿಲ್ಲ. "ಖಾಲಾ, ಇನ್ನು ನಿಮ್ಮ ಜೊತೆ ಎಲ್ಲಿಗೂ ಬರುವುದಿಲ್ಲ" ಎಂದುಬಿಟ್ಟಳು. ಅವಳು ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಯುತ್ತಾಳೆ. ಮೂರು ದಿನ ಬಿಟ್ಟು ಒಂದು ಕಾಗದ, ಪೆನ್ನು ಹಿಡಿದು ಅವಳ ಬಳಿ ಹೋದೆ. "ನಾನು ಅಜ್ಜಿಯ ಹತ್ತಿರ ಕ್ಷಮೆ ಕೇಳಬೇಕು. ಮರ್ಯಾದೆಯಿಂದ ಕೇಳುವುದು ಹೇಗೆಂದು ಕಲಿಸುತ್ತೀಯಾ ಟೀಚರ್?" ಎಂದೆ. ನಕ್ಕಳು. 'ಮಾಂತೆಕಾ' ಎಂದರೆ ಆ ಕೊಬ್ಬು, 'ತಿಯೆನೆ ಮಾಂತೆಕಾ' ಎಂದರೆ ಇದರಲ್ಲಿ ಅದು ಇದೆಯೇ ಎಂದು ಬರೆದುಕೊಟ್ಟಳು.

ಮುಂದಿನ ಶನಿವಾರ ಮತ್ತೆ ಹೋದೆವು. ನನ್ನ ಸ್ಪ್ಯಾನಿಷ್ ಕೇಳಿ ಅಜ್ಜಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ಆಮೇಲೆ ತಂಗಿಯ ಮಗಳೇ ನಮ್ಮ ಕಟ್ಟುಪಾಡನ್ನು ವಿವರಿಸಿದಳು. ಅಜ್ಜಿ ಅಡುಗೆಮನೆಗೆ ಹೋಗಿ ಒಂದೊಂದನ್ನೇ ವಿಚಾರಿಸಿ ಬಂದರು. ಜೋಳದ ಟೋರ್ಟಿಯಾದಲ್ಲಿ ಜೋಳ, ಸುಣ್ಣ, ನೀರು ಬಿಟ್ಟು ಬೇರೇನೂ ಇಲ್ಲ. ಮೈದಾದ ಟೋರ್ಟಿಯಾದಲ್ಲಿ ಕೊಬ್ಬಿದೆ, ಬೇಡ. ಅನ್ನವನ್ನು ಕೋಳಿಯ ಸಾರಿನಲ್ಲಿ ಬೇಯಿಸಿದ್ದು, ಬೇಡ. ಕರಿದ ಮೀನಿನ ಹಿಟ್ಟಿಗೆ ಬಿಯರ್ ಸೇರಿಸುತ್ತಾರೆ, ಬೇಡ. ಜೋಳದ ಚೂರು ಕರಿಯುವುದೂ ಅದೇ ಬಾಣಲೆಯಲ್ಲಿ, ಅದೂ ಬೇಡ. ಅರೆದು ಹುರಿಯುವ ಮೊದಲಿನ ಕಾಳು ಮಡಕೆಯಲ್ಲಿದೆ, ಅದಕ್ಕೆ ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಮಾತ್ರ. ಬೇರೆ ಕಾವಲಿಯಲ್ಲಿ ಎಣ್ಣೆ ಹಾಕಿ ಮೀನು ಹುರಿದು ಕೊಡಬಹುದು. ಪ್ರತಿ ಶನಿವಾರ ನಮಗೆಂದೇ ಒಂದು ಕಾವಲಿ ತೆಗೆದಿಡಲು ಅಡುಗೆಯವರಿಗೆ ಹೇಳುತ್ತೇನೆ ಎಂದು ಕೊನೆಗೆ "ಓಹಲಾ" ಎಂದರು.

ನಾನು ಬೆಚ್ಚಿದೆ. "ಏನೆಂದರು ಅವರು?" ತಂಗಿಯ ಮಗಳು ಹೇಳಿದಳು: "ಹಾಗೆ ಆಗಲಿ ಅಂತ, ಖಾಲಾ. ಎಲ್ಲರೂ ಹೇಳುತ್ತಾರೆ."

ನನಗೆ ಗೊತ್ತಾಗಿತ್ತು. ಅದು 'ಅಲ್ಲಾಹನು ಇಚ್ಛಿಸಿದರೆ' ಎಂಬ ಅರಬಿ ಮಾತು ಸ್ಪ್ಯಾನಿಷಿನಲ್ಲಿ ಉಳಿದ ರೂಪ. 711ರಿಂದ 1492ರ ತನಕ ಸ್ಪೇನಿನ ನೆಲದಲ್ಲಿ ಮುಸ್ಲಿಮರ ಆಡಳಿತವಿತ್ತು, ಕೊನೆಗೆ ಗ್ರಾನಡಾದಲ್ಲಿ ಮಾತ್ರ ಉಳಿದಿತ್ತು. ಅದು ಮುಗಿದು ಮೂವತ್ತು ವರ್ಷವೂ ಆಗುವ ಮೊದಲೇ, 1521ರಲ್ಲಿ, ಸ್ಪೇನಿನವರು ಮೆಕ್ಸಿಕೊವನ್ನು ಗೆದ್ದರು. ಅವರ ನಾಲಿಗೆಯ ಮೇಲೆ ಕುಳಿತ ಅರಬಿ ಪದಗಳೂ ಸಮುದ್ರ ದಾಟಿದವು. ಆಮೇಲೆ ಮೆನು ಕಾರ್ಡು ನನಗೆ ಪಾಠಪುಸ್ತಕವಾಯಿತು. ಅನ್ನಕ್ಕೆ 'ಅರ್ರೋಸ್', ನಮ್ಮ 'ಅರ್ರುಝ್'. ಎಣ್ಣೆಗೆ 'ಆಸೆಯ್ತೆ', ನಮ್ಮ 'ಅಝ್ಝೈತ್'. ಮಾಂಸದ ಉಂಡೆಗೆ 'ಆಲ್ಬೊಂಡಿಗಾಸ್', ದುಂಡಗಿನ ಬೀಜಕ್ಕೆ ಹೇಳುವ 'ಅಲ್‌ಬುಂದುಕ್'. ಕುಡಿಯಲು ತಂದ ಕಂದು ಬಣ್ಣದ ಪಾನಕದ ಹೆಸರು 'ತಮರಿಂಡೊ'. ಗುಟುಕರಿಸಿದರೆ ನಮ್ಮ ಹುಣಸೆಹಣ್ಣಿನ ಪಾನಕ! 'ತಮ್ರ್ ಹಿಂದಿ', ಅಂದರೆ ಹಿಂದಿನ ಖರ್ಜೂರ ಎಂದು ಅರಬರು ಇಟ್ಟ ಹೆಸರು.

ನಾವು ಕೊಟ್ಟಷ್ಟೇ ಪಡೆದವರೂ ಹೌದು. ಮೆಣಸಿನಕಾಯಿ, ಟೊಮೆಟೊ, ಮೆಕ್ಕೆಜೋಳ ಎಲ್ಲವೂ ಆ ಕಡೆಯಿಂದ ಬಂದವು. ಪೋರ್ಚುಗೀಸರ ಹಡಗುಗಳು ಬರುವ ಮೊದಲು ನಮ್ಮ ಬ್ಯಾಡಗಿಯಲ್ಲೂ ಮೆಣಸಿನಕಾಯಿ ಇರಲಿಲ್ಲ. ಪಪ್ಪಾಯಿಗೆ ನಾವು ಪರಂಗಿ ಹಣ್ಣು ಎನ್ನುವುದೂ ಅದಕ್ಕೇ. ಇಂದು ಪರಂಗಿಯವರನ್ನು ಮರೆತು ನಮ್ಮದೇ ಎಂದು ತಿನ್ನುತ್ತೇವೆ.

ಆದರೆ ಹೆಸರು ನಮ್ಮದೆಂದು ಮೈಮರೆಯುವಂತಿಲ್ಲ. ಲೆಬನಾನಿನಿಂದ ವಲಸೆ ಹೋದವರು ಮೆಕ್ಸಿಕೊಗೆ ಶವರ್ಮಾ ಮಾಡುವ ವಿಧಾನವನ್ನು ಕೊಂಡೊಯ್ದರು. ಅದೇ ಮುಂದೆ 'ಅಲ್ ಪಾಸ್ತೋರ್' ಟಾಕೊ ಆಯಿತು. ಪಾಸ್ತೋರ್ ಎಂದರೆ ಕುರಿಗಾಹಿ. ಆದರೆ ಇಂದು ಆ ಕಂಬಿಯಲ್ಲಿ ತಿರುಗುವುದು ಸಾಮಾನ್ಯವಾಗಿ ಹಂದಿಮಾಂಸ. ಹೆಸರು ನೋಡಿ ನಂಬಬಾರದು, ಹೆಸರು ನೋಡಿ ಹೆದರಲೂಬಾರದು. ಕೇಳಬೇಕು.

ತಂಗಿಯ ಗಂಡ ಇನ್ನೊಂದು ಸಂಗತಿ ಹೇಳಿದರು. 2016ರ ಅಮೆರಿಕದ ಚುನಾವಣೆಯ ವೇಳೆ ಒಬ್ಬರು ಟಿವಿಯಲ್ಲಿ, ವಲಸೆಯನ್ನು ತಡೆಯದಿದ್ದರೆ ಮೂಲೆಮೂಲೆಗೂ ಟಾಕೊ ಗಾಡಿಗಳು ಬರುತ್ತವೆ ಎಂದು ಹೆದರಿಸಿದ್ದರಂತೆ. 2017ರ ರಮಝಾನಿನಲ್ಲಿ ಪಕ್ಕದ ಸಾಂಟಾ ಆನಾ ನಗರದ ಮುಸ್ಲಿಮರೂ ಲ್ಯಾಟಿನೊ ಜನರೂ ಸೇರಿ ಮಸೀದಿಯ ಮುಂದೆಯೇ ಟಾಕೊ ಗಾಡಿ ನಿಲ್ಲಿಸಿದರು. ಹಲಾಲ್ ಮಾಂಸದ ಟಾಕೊ, ನೆರೆಹೊರೆಯವರೊಂದಿಗೆ ಇಫ್ತಾರ್. ಮುಂದೆ ಬೇರೆ ಮಸೀದಿಗಳಿಗೂ ಆ ಗಾಡಿಗಳು ಹೋದವು. ಅಲ್ಲಿಯೂ ಯಾರೋ ಒಬ್ಬರು ಮೊದಲು ಹೋಗಿ ಗಾಡಿಯವರನ್ನು ನಯವಾಗಿ ಕೇಳಿರಲೇಬೇಕಲ್ಲವೇ?

ಬಂಧುಗಳನ್ನು ನೋಡಲು ನಿಮ್ಮಲ್ಲಿ ಅನೇಕರು ಹೊರದೇಶಕ್ಕೆ ಹೋಗುತ್ತೀರಿ. ನಮ್ಮ ಬೆಂಗಳೂರಿನಲ್ಲೂ ಟಾಕೊ, ಬುರಿಟೊ ಸಿಗುತ್ತವೆ, ಮಕ್ಕಳು ಕರೆದುಕೊಂಡು ಹೋಗುತ್ತಾರೆ. ಹೋಗಿ, ಹೆದರಬೇಡಿ. ಆದರೆ ಆರ್ಡರ್ ಕೊಡುವ ಮೊದಲು ನಾಲ್ಕು ಮಾತು ಕೇಳಿ: ಕಾಳನ್ನು ಯಾವುದರಲ್ಲಿ ಹುರಿದಿದ್ದೀರಿ? ಅನ್ನಕ್ಕೆ ಯಾವ ಸಾರು? ಹಿಟ್ಟಿಗೆ, ಮಸಾಲೆಗೆ ಮದ್ಯ ಸೇರಿಸುತ್ತೀರಾ? ಕರಿಯುವ ಬಾಣಲೆ, ಕಾವಲಿ ಬೇರೆಯೇ? ತಟ್ಟೆ ಮುಂದೆ ಬಂದ ಮೇಲೆ ಕೋಪ ಮಾಡುವುದಕ್ಕಿಂತ ಬರುವ ಮೊದಲು ನಗುತ್ತಾ ಕೇಳುವುದು ಮೇಲು. ಕೇಳಿದ್ದಕ್ಕೆ ಬೇಸರಿಸುವವರು ಕಡಿಮೆ. ಮನೆಯವರು ತಿಳಿಯದೆ ತಪ್ಪಿದ್ದರೆ, ಮನೆಗೆ ಬಂದ ಮೇಲೆ, ಬಾಗಿಲು ಮುಚ್ಚಿ, ಮೆಲ್ಲಗೆ ಹೇಳಿ.

ಊರಿಗೆ ಮರಳಿ ಕೆಲವು ತಿಂಗಳಾದ ಮೇಲೆ ಒಂದು ದಿನ ತಂಗಿಯ ಫೋನು ಬಂತು. ಮಗಳು ಶಾಲೆಯ ಗೆಳತಿಯರೊಂದಿಗೆ ಬೇರೊಂದು ಹೋಟೆಲಿಗೆ ಹೋಗಿದ್ದಳಂತೆ. ಎಲ್ಲರ ಮುಂದೆ ತಾನೇ "ತಿಯೆನೆ ಮಾಂತೆಕಾ?" ಎಂದು ಕೇಳಿದಳಂತೆ. ಇದೆ ಎಂದರಂತೆ. ಧನ್ಯವಾದ ಹೇಳಿ ಬೇರೆ ತರಿಸಿಕೊಂಡಳಂತೆ. "ನಾಚಿಕೆಯಾಗಲಿಲ್ಲವೇ ಎಂದು ಕೇಳಿದೆ ಆಪಾ. ಇದರಲ್ಲಿ ನಾಚಿಕೆ ಏನು ಅಮ್ಮಿ, ಖಾಲಾ ಅಷ್ಟು ಕೆಟ್ಟ ಸ್ಪ್ಯಾನಿಷಿನಲ್ಲಿ ಕೇಳಿರಲಿಲ್ಲವೇ ಎಂದಳು."

ಅಲ್‌ಹಮ್ದುಲಿಲ್ಲಾಹ್ ಎಂದೆ. ಪಾಠ ಮಾಡಿದವಳು ನಾನಲ್ಲ, ಆ ಅಜ್ಜಿ. ಆಕೆಯ ಶನಿವಾರದ ಕಾವಲಿ ಈಗಲೂ ಬೇರೆಯಾಗಿಯೇ ಇದೆಯಂತೆ.